ಹಸಿ ಗೊಬ್ಬರ ರಾಗಿಗೆ ಕೊಡಿ, ಸೊಪ್ಪಿನ ಮಡಿಗೆ ಬೇಡ

ಪ್ರಶ್ನೆ: ಕೋಲಾರದ ಕಡೆ ನಮಗೆ ಒಂದೂವರೆ ಎಕರೆ ಇದೆ. ಕೊತ್ತಂಬರಿ, ಪಾಲಕ್, ದಂಟು, ಮೆಂತ್ಯ ಬೆಳೆಯುತ್ತೇವೆ. ರಾಸಾಯನಿಕ ಗೊಬ್ಬರ, ಔಷಧಿ ಬಳಸುವುದಿಲ್ಲ. ತಿಪ್ಪೆ ಗೊಬ್ಬರ ಹಾಕುತ್ತೇವೆ, ಕೆಲವೊಮ್ಮೆ ಕೋಳಿ ಗೊಬ್ಬರ ತರಿಸುತ್ತೇವೆ, ವಾರಕ್ಕೊಮ್ಮೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ದ್ರವ) ಸಿಂಪಡಿಸುತ್ತೇವೆ. ಬೆಂಗಳೂರಿನ ಖರೀದಿದಾರರು ಸೊಪ್ಪನ್ನು ಪರೀಕ್ಷೆಗೆ ಕಳಿಸಿ, ಅದರಲ್ಲಿ ಇ. ಕೋಲಿ ಇದೆ ಎಂದು ಹೇಳಿದ್ದಾರೆ. ವಿಷವನ್ನೇ ಹಾಕದ ಸೊಪ್ಪಿಗೆ ಇದು ಎಲ್ಲಿಂದ ಬಂತು? ಚೆನ್ನಾಗಿ ತೊಳೆದರೆ ಹೋಗುವುದಿಲ್ಲವೇ?

ಉತ್ತರ: ಬಂದಿರುವುದು ಬಹುಮಟ್ಟಿಗೆ ತಿಪ್ಪೆ, ಕೋಳಿ ಗೊಬ್ಬರ ಮತ್ತು ಜೀವಾಮೃತದಿಂದ. ತೊಳೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಸರಿಪಡಿಸಬೇಕಾದದ್ದು ತೊಳೆಯುವ ತೊಟ್ಟಿಗಿಂತ ಮೊದಲು ತಿಪ್ಪೆಯನ್ನು.

ವರದಿಯನ್ನು ಓದುವುದು ಹೇಗೆಂದು ಮೊದಲು ನೋಡೋಣ. ಇ. ಕೋಲಿ ಎಂಬುದು ದನ, ಕುರಿ, ಕೋಳಿ, ಮನುಷ್ಯ ಎಲ್ಲರ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ. ಅದರ ಹೆಚ್ಚಿನ ಬಗೆಗಳಿಂದ ಕಾಯಿಲೆ ಬರುವುದಿಲ್ಲ. ಪ್ರಯೋಗಾಲಯದವರು ಅದನ್ನು ಹುಡುಕುವುದು ಗುರುತಿಗಾಗಿ: ಅದು ಸಿಕ್ಕಿತೆಂದರೆ ಯಾವುದೋ ಪ್ರಾಣಿಯ ಅಥವಾ ಮನುಷ್ಯರ ಮಲ ಸೊಪ್ಪನ್ನು ಮುಟ್ಟಿದೆ ಎಂದರ್ಥ. ಮಲ ಬಂದ ದಾರಿಯಲ್ಲೇ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬರಬಹುದು, ಇ. ಕೋಲಿಯ ವಿಷಕಾರಿ ಬಗೆಗಳೂ ಬರಬಹುದು. ಹಾಗಾಗಿ ಈ ವರದಿ ‘ನಿಮ್ಮ ಸೊಪ್ಪು ತಿಂದವರಿಗೆ ಕಾಯಿಲೆ ಬರುತ್ತದೆ’ ಎಂದು ಹೇಳುತ್ತಿಲ್ಲ. ‘ಬಾಗಿಲು ತೆರೆದಿದೆ’ ಎಂದು ಹೇಳುತ್ತಿದೆ. ಇನ್ನೊಂದು ಮಾತು: ಮುಂದಿನ ಸಲ ಒಂದು ಕಟ್ಟಿನಲ್ಲಿ ಏನೂ ಸಿಗಲಿಲ್ಲವೆಂದರೆ ಮಡಿಯೆಲ್ಲ ಶುದ್ಧ ಎಂದಲ್ಲ. ಮಲದ ಸೋಂಕು ಹೊಲದಲ್ಲಿ ಸಮವಾಗಿ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಇರುತ್ತದೆ.

ವಿಷಕಾರಿ ಬಗೆಗಳಲ್ಲಿ ಹೆಸರಾದದ್ದು ಇ. ಕೋಲಿ ಓ157. ಅದು ರೋಗಾಣು ಎಂದು ಗೊತ್ತಾದದ್ದು 1982ರಲ್ಲಿ, ಅಮೆರಿಕದಲ್ಲಿ. ಈ ಬ್ಯಾಕ್ಟೀರಿಯಾ ದನದ ಕರುಳಿನಲ್ಲಿ ಆರಾಮವಾಗಿರುತ್ತದೆ. ದನ ಮೇಯುತ್ತದೆ, ಹಾಲು ಕೊಡುತ್ತದೆ, ಕಾಯಿಲೆಯ ಒಂದು ಲಕ್ಷಣವನ್ನೂ ತೋರಿಸುವುದಿಲ್ಲ. ‘ನಮ್ಮ ಹಸು ಆರೋಗ್ಯವಾಗಿದೆ, ಅದರ ಸಗಣಿಯಿಂದ ಏನಾಗುತ್ತದೆ’ ಎನ್ನುವ ಮಾತು ನಿಲ್ಲದಿರುವುದು ಇದೇ ಕಾರಣಕ್ಕೆ. ಮನುಷ್ಯರಲ್ಲಿ ಹತ್ತರಿಂದ ನೂರು ಬ್ಯಾಕ್ಟೀರಿಯಾಗಳಷ್ಟು ಹೊಟ್ಟೆಗೆ ಹೋದರೂ ರಕ್ತಭೇದಿ ಆಗಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಮೂತ್ರಪಿಂಡವನ್ನೇ ಕೆಡಿಸುವ ಅಪಾಯ ಹೆಚ್ಚು. 2006ರಲ್ಲಿ ಕ್ಯಾಲಿಫೋರ್ನಿಯಾದ ಹಸಿ ಪಾಲಕ್ ತಿಂದು ಸುಮಾರು 200 ಜನ ಕಾಯಿಲೆ ಬಿದ್ದರು, 31 ಜನರ ಮೂತ್ರಪಿಂಡಕ್ಕೆ ಪೆಟ್ಟಾಯಿತು, ಮೂವರು ಸತ್ತರು. ಅದೇ ಬಗೆಯ ಬ್ಯಾಕ್ಟೀರಿಯಾ ಆ ಹೊಲದ ನೆರೆಯ ದನದ ಸಗಣಿಯಲ್ಲೂ ಕಾಡುಹಂದಿಯ ಮಲದಲ್ಲೂ ಸಿಕ್ಕಿತು. 2018ರಲ್ಲಿ ಅರಿಜೋನಾದ ಯೂಮಾ ಪ್ರದೇಶದ ಲೆಟ್ಯೂಸ್ ತಿಂದು 210 ಜನ ನರಳಿದರು, ಐವರು ಸತ್ತರು. ಅಲ್ಲಿ ಹೊಂದಿಕೆಯಾದ ಬ್ಯಾಕ್ಟೀರಿಯಾ ಸಿಕ್ಕಿದ್ದು ನೀರಾವರಿ ಕಾಲುವೆಯಲ್ಲಿ. ಅಲ್ಲಿನವರು ಸೊಪ್ಪನ್ನು ಹಸಿಯಾಗಿ ತಿನ್ನುತ್ತಾರೆ, ನಾವು ಬೇಯಿಸುತ್ತೇವೆ ಎನ್ನಬಹುದು. ದಂಟು, ಪಾಲಕ್‌ ಮಟ್ಟಿಗೆ ಆ ಮಾತು ನಿಜ. ಕೊತ್ತಂಬರಿಗೆ ನಿಜವಲ್ಲ, ಅದಕ್ಕೆ ಆಮೇಲೆ ಬರುತ್ತೇವೆ.

ಈಗ ತಿಪ್ಪೆಗೆ ಬನ್ನಿ. ಮನೆ ಪಕ್ಕದ ತಿಪ್ಪೆಗೆ ದಿನಾ ಬೆಳಿಗ್ಗೆ ಒಂದು ಮಂಕರಿ ಸಗಣಿ ಬೀಳುತ್ತದೆ. ಆರು ತಿಂಗಳು ಬಿಟ್ಟು ಗಾಡಿಗೆ ತುಂಬುವಾಗ ತಳದಲ್ಲಿರುವುದು ಕಪ್ಪಗೆ ಪುಡಿಪುಡಿಯಾಗಿರುತ್ತದೆ, ಮೇಲಿರುವುದು ನಿನ್ನೆಯ ಸಗಣಿ. ಗುದ್ದಲಿ ಎರಡನ್ನೂ ಕಲಸುತ್ತದೆ. ಜೊತೆಗೆ ತಿಪ್ಪೆಯನ್ನು ಯಾರೂ ಮಗುಚುವುದಿಲ್ಲ, ಅದು ಒದ್ದೆ, ಒಳಗೆ ಗಾಳಿ ಆಡುವುದಿಲ್ಲ. ಆದ್ದರಿಂದ ಅದು ಬಿಸಿ ಏರುವುದೇ ಇಲ್ಲ, ಏರಿದರೂ ನಡುವೆ ಸ್ವಲ್ಪ. ಬಣ್ಣ ಕಪ್ಪಾಗಿದೆ, ವಾಸನೆ ಹೋಗಿದೆ ಎನ್ನುವುದು ಗಿಡಕ್ಕೆ ಒಗ್ಗುವ ಗೊಬ್ಬರ ಎಂಬುದರ ಗುರುತೇ ಹೊರತು ರೋಗಾಣು ಸತ್ತಿದೆ ಎಂಬುದರ ಗುರುತಲ್ಲ. ಲೆಕ್ಕಕ್ಕೆ ತಿಪ್ಪೆ ಗೊಬ್ಬರವೂ ಹಸಿ ಗೊಬ್ಬರವೇ.

ಹಸಿ ಗೊಬ್ಬರದ ರೋಗಾಣುಗಳನ್ನು ಕೊಲ್ಲುವುದು ಎರಡೇ: ಕಾಲ, ಇಲ್ಲವೇ ಬಿಸಿ.

ಕಾಲದ ವಿಷಯ. ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾಗಳು ನಿಧಾನವಾಗಿ ಸಾಯುತ್ತವೆ. ಬಿಸಿಲು, ಒಣಗುವಿಕೆ, ಮಣ್ಣಿನ ಇತರ ಸೂಕ್ಷ್ಮಜೀವಿಗಳ ಪೈಪೋಟಿ ಇವೆಲ್ಲ ಸೇರಿ ಕೊಲ್ಲುತ್ತವೆ. ಆದರೆ ನೆರಳು, ತೇವ, ತಂಪು ಇದ್ದ ಕಡೆ ಬದುಕು ಉದ್ದ. ಹೊಲದಲ್ಲೇ ನಡೆದ ಪ್ರಯೋಗಗಳಲ್ಲಿ ಇ. ಕೋಲಿ ಓ157 ಮತ್ತು ಸಾಲ್ಮೊನೆಲ್ಲಾ ಐದರಿಂದ ಏಳು ತಿಂಗಳವರೆಗೂ ಮಣ್ಣಿನಲ್ಲಿ ಸಿಕ್ಕಿವೆ. ಅಮೆರಿಕದ ಸಾವಯವ ನಿಯಮವು ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ, ತಾಗದ ಬೆಳೆಗೆ 90 ದಿನ ಬಿಡಬೇಕೆನ್ನುತ್ತದೆ. ಅದು ಕನಿಷ್ಠ ಮಿತಿ.

ಈ 120 ದಿನವನ್ನು ನಿಮ್ಮ ಬೆಳೆಗಳ ಪಕ್ಕ ಇಟ್ಟು ನೋಡಿ. ಮೆಂತ್ಯ, ದಂಟು 25ರಿಂದ 30 ದಿನದಲ್ಲಿ ಕಟ್ಟಿಗೆ ಬರುತ್ತವೆ. ಪಾಲಕ್ ಮೊದಲ ಕೊಯ್ಲು 30–35 ದಿನಕ್ಕೆ, ಕೊತ್ತಂಬರಿ 40 ದಿನದ ಆಸುಪಾಸು. ಬಿತ್ತುವ ಮುನ್ನ ಮಡಿಗೆ ತಿಪ್ಪೆ ಗೊಬ್ಬರ ಹಾಕಿದರೆ, ರೋಗಾಣು ಸಾಯುವಷ್ಟು ಕಾಲವನ್ನು ಸೊಪ್ಪಿನ ಬೆಳೆ ಕೊಡಲು ಸಾಧ್ಯವೇ ಇಲ್ಲ. ಮೆಂತ್ಯ, ದಂಟು ಮೂರು ಬೆಳೆ ಕೊಯ್ದರೂ ಅವಧಿ ಮುಗಿದಿರುವುದಿಲ್ಲ. ಟೊಮೆಟೊ, ಬದನೆ ಬೆಳೆಯುವವರಿಗೂ ನಿಮಗೂ ಇರುವ ವ್ಯತ್ಯಾಸ ಇದೇ.

ರಾಗಿ ಈ ತೊಡಕನ್ನು ಬಿಡಿಸುತ್ತದೆ. ಜೂನ್ ಕೊನೆಯಲ್ಲಿ ರಾಗಿ ಹೊಲಕ್ಕೆ ಹಸಿ ಗೊಬ್ಬರ ಹಾಕಿ ಉತ್ತರೆ, ನವೆಂಬರ್‌ನಲ್ಲಿ ಕೊಯ್ಲಾಗುವ ಹೊತ್ತಿಗೆ 120 ದಿನ ದಾಟಿರುತ್ತದೆ. ತೆನೆ ನೆಲ ಮುಟ್ಟುವುದಿಲ್ಲ, ಕಾಳು ಒಣಗುತ್ತದೆ, ಹಿಟ್ಟು ಬೇಯುತ್ತದೆ. ಆ ಹೊಲದಲ್ಲಿ ಡಿಸೆಂಬರ್‌ನಲ್ಲಿ ಸೊಪ್ಪು ಬಿತ್ತಿದರೆ ಕೀಳುವಾಗ ಗೊಬ್ಬರಕ್ಕೆ ಆರು ತಿಂಗಳಾಗಿರುತ್ತದೆ, ಅದರ ಸತ್ವವೂ ಇನ್ನೂ ಉಳಿದಿರುತ್ತದೆ. ಒಂದೂವರೆ ಎಕರೆಯನ್ನು ಎರಡು ಭಾಗ ಮಾಡಿ, ವರ್ಷ ಬಿಟ್ಟು ವರ್ಷ ಜಾಗ ಬದಲಿಸಿ. ಗೊಬ್ಬರಕ್ಕಾಗಿ ಕುರಿ ಮಂದೆಯನ್ನು ಹೊಲದಲ್ಲಿ ತರುಬಿಸುವ ರೂಢಿ ನಿಮ್ಮ ಕಡೆ ಇದ್ದರೆ ಅದಕ್ಕೂ ಇದೇ ಲೆಕ್ಕ: ಮಂದೆ ಎದ್ದ ದಿನದಿಂದ 120 ದಿನ ಎಣಿಸಿ. ಯಾವ ಮಡಿಗೆ ಯಾವ ದಿನ ಯಾವ ಗೊಬ್ಬರ ಬಿತ್ತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಖರೀದಿದಾರರು ಕೇಳಿದಾಗ ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಇಲ್ಲ.

ವರ್ಷವಿಡೀ ಸೊಪ್ಪು ಬೇಕೆಂದರೆ ಎರಡನೆಯ ದಾರಿ, ಬಿಸಿ. ಒಟ್ಟಿದ ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟಿ 15 ದಿನ ಅಲ್ಲೇ ನಿಲ್ಲಬೇಕು, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಮಗುಚಬೇಕು. ಐದು ಸಲ ಏಕೆಂದರೆ ರಾಶಿಯ ಹೊರಮೈ ಎಂದೂ ಬಿಸಿಯಾಗುವುದಿಲ್ಲ. ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ತಂದರಷ್ಟೇ ಎಲ್ಲ ಭಾಗಕ್ಕೂ ಬಿಸಿ ತಗಲುತ್ತದೆ.

ರಾಶಿ ಒಟ್ಟುವುದು ಹೀಗೆ. ಒಂದು ಮಂಕರಿ ಹಸಿ ಸಗಣಿಗೆ ಎರಡು ಮಂಕರಿ ಒಣ ಕಸ: ಕತ್ತರಿಸಿದ ರಾಗಿ ಹುಲ್ಲು, ಒಣಗಿದ ಎಲೆ, ದನ ತಿಂದು ಬಿಟ್ಟ ಮೇವು. ಕೋಳಿ ಗೊಬ್ಬರದಲ್ಲಿ ಸಾರಜನಕ ಬಹಳ, ಅದಕ್ಕೆ ಮೂರು ನಾಲ್ಕು ಮಂಕರಿ ಒಣ ಕಸ ಬೇಕು. ಕಡಿಮೆಯಾದರೆ ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ, ಸತ್ವ ಗಾಳಿಗೆ ಹೋಗುತ್ತದೆ. ತಳ ಐದಡಿ ಅಗಲ, ಎತ್ತರ ನಾಲ್ಕರಿಂದ ಐದಡಿ, ಉದ್ದ ಎಷ್ಟಾದರೂ ಇರಲಿ. ಮೂರಡಿಗಿಂತ ಚಿಕ್ಕ ರಾಶಿ ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ. ತೇವ ನೋಡಲು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಹೆಚ್ಚಾಯಿತು, ಒಣ ಹುಲ್ಲು ಸೇರಿಸಿ. ಕೈ ಬಿಚ್ಚಿದಾಗ ಉದುರಿದರೆ ಕಡಿಮೆಯಾಯಿತು, ನೀರು ಚಿಮುಕಿಸಿ. ಮುಖ್ಯವಾದ ಮಾತು, ಎಲ್ಲವನ್ನೂ ಒಂದೇ ದಿನ ಒಟ್ಟಿ ಮುಗಿಸಬೇಕು. ಆಮೇಲೆ ಒಂದು ಬೊಗಸೆ ಹಸಿ ಸಗಣಿಯೂ ಆ ರಾಶಿಗೆ ಬೀಳಬಾರದು. ದಿನದ ಸಗಣಿಗೆ ಬೇರೆ ತಿಪ್ಪೆ ಇರಲಿ.

ಎರಡು ಮೂರು ದಿನದಲ್ಲಿ ರಾಶಿ ಕಾಯುತ್ತದೆ. ಹಾರೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡುವ ಪದ್ಧತಿ ಹಲವರಿಗೆ ಗೊತ್ತು, ಆದರೆ ಕೈಗೆ 50 ಡಿಗ್ರಿಯೂ ಸುಡುತ್ತದೆ, 60 ಕೂಡ ಸುಡುತ್ತದೆ. 55 ದಾಟಿದೆಯೋ ಇಲ್ಲವೋ ಕೈ ಹೇಳಲಾರದು. ಎರಡಡಿ ಕಡ್ಡಿಯ ಉಷ್ಣಮಾಪಕ ಒಂದನ್ನು ಕೊಳ್ಳಿ. ದಿನಾ ಒಂದೇ ಹೊತ್ತಿಗೆ ನಾಲ್ಕೈದು ಕಡೆ ಚುಚ್ಚಿ ಬರೆದಿಡಿ. 55ಕ್ಕಿಂತ ಮೇಲೆ ಮೂರು ದಿನ ನಿಂತ ಮೇಲೆ ಮಗುಚಿ. ಮಗುಚಿದಾಗ ಬಿಸಿ ಇಳಿದು ಮತ್ತೆ ಏರುತ್ತದೆ. ಏರದಿದ್ದರೆ ತೇವ ಆರಿದೆ, ಇಲ್ಲವೇ ಸಗಣಿ ಸಾಲದು. 70 ದಾಟಿದರೆ ತಕ್ಷಣ ಮಗುಚಿ, ಅಷ್ಟು ಬಿಸಿಗೆ ಕೊಳೆಸುವ ಜೀವಿಗಳೇ ಸಾಯುತ್ತವೆ. ಬಿಸಿಯ ಹಂತ ಮುಗಿದ ಮೇಲೆ ಆರರಿಂದ ಎಂಟು ವಾರ ಮಾಗಲು ಬಿಡಿ. ಈ ಮಾಗುವಿಕೆಯಲ್ಲಿ ಬೇರೆ ಸೂಕ್ಷ್ಮಜೀವಿಗಳು ತುಂಬಿಕೊಳ್ಳುತ್ತವೆ. ಅವು ತುಂಬಿರದ ಗೊಬ್ಬರಕ್ಕೆ ಹೊರಗಿನಿಂದ ಸಾಲ್ಮೊನೆಲ್ಲಾ ಬಿದ್ದರೆ ಅದು ಸುಲಭವಾಗಿ ಹೆಚ್ಚುತ್ತದೆ.

ಇಷ್ಟೆಲ್ಲ ಮಾಡಿದ ಗೊಬ್ಬರ ಕೆಡುವುದು ಸಾಮಾನ್ಯವಾಗಿ ಕೊನೆಯಲ್ಲಿ. ಹಸಿ ಸಗಣಿ ಎಳೆದ ಗುದ್ದಲಿ, ಮಂಕರಿಯನ್ನೇ ಮಾಗಿದ ಗೊಬ್ಬರಕ್ಕೂ ಬಳಸುತ್ತಾರೆ. ಕೋಳಿ ಬಂದು ಕೆದಕುತ್ತದೆ, ನಾಯಿ ಮಲಗುತ್ತದೆ, ಕೊಟ್ಟಿಗೆಯ ನೀರು ಹರಿದು ರಾಶಿಯ ತಳ ಸೇರುತ್ತದೆ. ಮಾಗಿದ ಗೊಬ್ಬರವನ್ನು ಕೊಟ್ಟಿಗೆಗಿಂತ ಎತ್ತರದ ಜಾಗದಲ್ಲಿ ಟಾರ್ಪಾಲು ಹೊದಿಸಿ ಇಡಿ, ಅದಕ್ಕೆ ಬೇರೆ ಗುದ್ದಲಿ ಇಡಿ.

ಎರೆಗೊಬ್ಬರ ಸುರಕ್ಷಿತವಲ್ಲವೇ ಎಂದು ಕೇಳುವವರಿದ್ದಾರೆ. ಎರೆಹುಳು 35 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಳುವುದಿಲ್ಲ, ಎಂದ ಮೇಲೆ ಎರೆಗೊಬ್ಬರದ ತೊಟ್ಟಿ ಬಿಸಿಯೇ ಆಗಿರುವುದಿಲ್ಲ. ಹುಳು ಬಿಡುವ ಮುನ್ನ ಸಗಣಿಯನ್ನು ಮೇಲೆ ಹೇಳಿದಂತೆ ಬಿಸಿ ರಾಶಿಯಲ್ಲಿ ಕಾಯಿಸಿದ್ದರೆ ಅದು ಒಳ್ಳೆಯ ಗೊಬ್ಬರ, ಇಲ್ಲದಿದ್ದರೆ ಹಸಿಯ ಲೆಕ್ಕ. ಗೋಬರ್ ಗ್ಯಾಸ್ ಬಗ್ಗಡವೂ ಹಾಗೆಯೇ. ಒಳಗಿನ ಶಾಖ 30–38 ಡಿಗ್ರಿ ಅಷ್ಟೆ, ರೋಗಾಣು ಕಡಿಮೆಯಾಗುತ್ತವೆ, ತೀರುವುದಿಲ್ಲ.

ಜೀವಾಮೃತದ ಬಗ್ಗೆ ನಿಷ್ಠುರವಾಗಿ ಹೇಳಬೇಕು. 200 ಲೀಟರ್ ನೀರಿಗೆ 10 ಕಿಲೋ ಹಸಿ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ಮೂರು ದಿನ. ಸೂಕ್ಷ್ಮಜೀವಿಗಳನ್ನು ಹೆಚ್ಚಿಸಲೆಂದೇ ಬೆಲ್ಲ, ಹಿಟ್ಟು ಹಾಕುತ್ತೇವೆ. ಬೆಲ್ಲ ಒಳ್ಳೆಯ ಜೀವಿ, ಕೆಟ್ಟ ಜೀವಿ ಎಂದು ಭೇದ ಮಾಡುವುದಿಲ್ಲ. ಕಾಂಪೋಸ್ಟ್ ನೆನೆಸಿದ ನೀರಿಗೆ ಕಾಕಂಬಿಯಂಥ ಸಿಹಿ ಸೇರಿಸಿದಾಗ ಅದರಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಮತ್ತೆ ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಆ ದ್ರವವನ್ನು ವಾರಕ್ಕೊಮ್ಮೆ ಎಲೆಯ ಮೇಲೆ ಸಿಂಪಡಿಸಿದರೆ ಮಣ್ಣು, ಕಾಲ, ಬಿಸಿಲು ಎಂಬ ಮೂರೂ ತಡೆಗಳನ್ನು ದಾಟಿಸಿ ಸಗಣಿಯನ್ನು ನೇರವಾಗಿ ತಿನ್ನುವ ಭಾಗಕ್ಕೆ ಹಚ್ಚಿದಂತೆ. ನಿಮ್ಮ ವರದಿಗೆ ಇದೊಂದೇ ಸಾಕಾಗಿರಬಹುದು. ಜೀವಾಮೃತವನ್ನು ಬಿಟ್ಟೇಬಿಡಿ ಎನ್ನುತ್ತಿಲ್ಲ. ತೆಂಗು, ಮಾವಿನ ಬುಡಕ್ಕೆ, ರಾಗಿ ಹೊಲಕ್ಕೆ ಹಾಕಿ. ನಿಂತ ಸೊಪ್ಪಿಗೆ ಎಲೆಗೂ ಬೇಡ, ಬುಡಕ್ಕೂ ಬೇಡ. ನಿಂತ ಬೆಳೆಗೆ ಕೋಳಿ ಗೊಬ್ಬರ ಎರಚುವುದನ್ನಂತೂ ಇಂದೇ ನಿಲ್ಲಿಸಿ.

ಮಣ್ಣಿನಿಂದ ಎಲೆಗೆ ರೋಗಾಣು ಏರುವುದು ಹೆಚ್ಚಾಗಿ ಹನಿಯ ಜೊತೆ. ದಪ್ಪ ಮಳೆ ಹನಿ ಬರಿ ನೆಲಕ್ಕೆ ಬಿದ್ದಾಗ ಮಣ್ಣು ಒಂದಡಿಗೂ ಮೇಲೆ ಸಿಡಿಯುತ್ತದೆ. ಕೊತ್ತಂಬರಿಯ ಎತ್ತರವೇ ಅಷ್ಟು. ತುಂತುರು ನೀರಾವರಿ, ರೇನ್ ಪೈಪ್ ಕೂಡ ಸಿಡಿಸುತ್ತವೆ, ಹನಿ ಚಿಕ್ಕದಾದಷ್ಟೂ ಕಡಿಮೆ. ಬೇರಿನ ಮೂಲಕ ಬ್ಯಾಕ್ಟೀರಿಯಾ ಗಿಡದೊಳಕ್ಕೆ ಹೋಗುವುದನ್ನು ಪ್ರಯೋಗಾಲಯಗಳಲ್ಲಿ ತೋರಿಸಿದ್ದಾರೆ, ಹೊಲದಲ್ಲಿ ಅದು ಅಪರೂಪ. ಎಲೆಯ ಮೇಲೆ ಬಿದ್ದದ್ದು ಎಲೆರಂಧ್ರ, ನರಗಳ ಸಂದು, ಹರಿದ ಅಂಚು ಇಂಥ ಕಡೆ ಸೇರಿಕೊಂಡು ಅಂಟಿಕೊಳ್ಳುತ್ತದೆ. ಆಮೇಲೆ ನೀರು ಅಲ್ಲಿಗೆ ತಲುಪುವುದಿಲ್ಲ. ತೊಳೆದರೂ ಪೂರ್ತಿ ಹೋಗದಿರುವುದು ಇದರಿಂದಲೇ: ಒಳ್ಳೆಯ ತೊಳೆತ ನೂರರಲ್ಲಿ ತೊಂಬತ್ತರಿಂದ ತೊಂಬತ್ತೊಂಬತ್ತನ್ನು ತೆಗೆಯುತ್ತದೆ. ಸಾವಿರಗಟ್ಟಲೆ ಇದ್ದ ಕಡೆ ಉಳಿದ ಒಂದು ಪಾಲೇ ಮಗುವಿಗೆ ಸಾಕು.

ನೀರು ಎಲ್ಲಿಯದು ಎಂಬುದೂ ಅಷ್ಟೇ ಮುಖ್ಯ. ಕೊಳವೆ ಬಾವಿಯಿಂದ ನೇರವಾಗಿ ಬರುವ ನೀರು ಸಾಮಾನ್ಯವಾಗಿ ಶುದ್ಧ. ಅದನ್ನು ಕೃಷಿ ಹೊಂಡಕ್ಕೆ ಬಿಟ್ಟು, ಅದರಲ್ಲಿ ಎಮ್ಮೆ ಇಳಿದು, ಆಮೇಲೆ ರೇನ್ ಪೈಪ್‌ನಲ್ಲಿ ಎಲೆಯ ಮೇಲೆ ಸುರಿದರೆ ಅದು ಬೇರೆಯೇ ನೀರು. ಹೊಂಡಕ್ಕೆ ಬೇಲಿ ಹಾಕಿ, ದನಕ್ಕೆ ಬೇರೆ ತೊಟ್ಟಿ ಕಟ್ಟಿ. ಕೆರೆ, ಹೊಂಡದ ನೀರೇ ಗತಿಯೆಂದರೆ ಅದನ್ನು ಕಾಲುವೆಯಲ್ಲಿ ಬುಡಕ್ಕೆ ಹಾಯಿಸಿ, ಎಲೆಗೆ ತಾಗಿಸಬೇಡಿ. ನೀರು ಬೆಳಿಗ್ಗೆ ಕೊಡಿ, ಎಲೆ ಬಿಸಿಲಿಗೆ ಒಣಗಲಿ. ಕೊನೆಯ ನೀರಿಗೂ ಕೊಯ್ಲಿಗೂ ನಾಲ್ಕು ದಿನ ಬಿಟ್ಟರೆ ಬ್ಯಾಕ್ಟೀರಿಯಾ ಸುಮಾರು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬ ಲೆಕ್ಕವಿದೆ. ಸೊಪ್ಪು ಬಾಡುತ್ತದೆಂದು ಅಷ್ಟು ಬಿಡಲು ಆಗದಿದ್ದರೆ ಎರಡು ದಿನವಾದರೂ ಬಿಡಿ, ಆ ಕೊನೆಯ ನೀರು ಕೊಳವೆ ಬಾವಿಯದೇ ಆಗಿರಲಿ. ಜೋರು ಮಳೆಗೆ ಕೊಟ್ಟಿಗೆ ನೀರು, ಚರಂಡಿ ನೀರು ನುಗ್ಗಿದ ಮಡಿಯ ಸೊಪ್ಪನ್ನು ಮಾರಬೇಡಿ.

ಕೀಳುವ ರೀತಿಯನ್ನೂ ನೋಡಿ. ಕೊತ್ತಂಬರಿ, ಮೆಂತ್ಯವನ್ನು ಬೇರು ಸಮೇತ ಕಿತ್ತು ಕಟ್ಟುತ್ತೇವೆ. ಬೇರಿದ್ದರೆ ಬಾಡುವುದಿಲ್ಲ, ಮಾರುಕಟ್ಟೆಯೂ ಅದನ್ನೇ ಕೇಳುತ್ತದೆ. ಆದರೆ ಒಂದು ಕಟ್ಟಿನ ಬೇರಿನ ಕೆಸರು ಇನ್ನೊಂದರ ಎಲೆಗೆ ಮೆತ್ತುತ್ತದೆ, ಎಲ್ಲ ಕಟ್ಟನ್ನೂ ಒಂದೇ ತೊಟ್ಟಿಯಲ್ಲಿ ಅದ್ದಿ ಎತ್ತಿದಾಗ ಒಂದು ಮೂಲೆಯ ಸೋಂಕು ಇಡೀ ಹೊರೆಗೆ ಹರಡುತ್ತದೆ. ಕಿತ್ತ ಕೂಡಲೇ ಮಣ್ಣು ಕೊಡವಿ, ಬೇರುಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ, ಬೇರಿನ ಭಾಗವನ್ನು ಮಾತ್ರ ಹರಿಯುವ ನೀರಿನಲ್ಲಿ ಕೆಳಮುಖವಾಗಿ ಹಿಡಿದು ತೊಳೆಯಿರಿ. ಪಾಲಕ್ಕನ್ನು ನೆಲದಿಂದ ಎರಡು ಇಂಚು ಮೇಲೆ ಕೊಯ್ಯಿರಿ. ಕಟ್ಟುವವರಿಗೆ ಶೌಚಾಲಯ, ಕೈ ತೊಳೆಯಲು ಸಾಬೂನು, ನೀರು ಹೊಲದ ಹತ್ತಿರ ಇರಲೇಬೇಕು. ಭೇದಿ ಆದವರು ಆ ದಿನ ಸೊಪ್ಪು ಮುಟ್ಟಬಾರದು.

ತೊಟ್ಟಿಯಲ್ಲೇ ತೊಳೆಯುವುದಾದರೆ ನೀರಿಗೆ ಕ್ಲೋರಿನ್ ಬೇಕು. ಅದು ಎಲೆಯನ್ನು ಪೂರ್ತಿ ಶುದ್ಧ ಮಾಡುವುದಿಲ್ಲ, ಒಂದು ಕಟ್ಟಿನದು ಇನ್ನೊಂದಕ್ಕೆ ಹರಡದಂತೆ ತಡೆಯುತ್ತದೆ. 100 ಲೀಟರ್ ನೀರಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಹಾಕಿದರೆ ಸುಮಾರು 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್) ಬರುತ್ತದೆ. ಪುಡಿಯನ್ನು ಮೊದಲು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿ ನೀರನ್ನು ಮಾತ್ರ ತೊಟ್ಟಿಗೆ ಸುರಿಯಿರಿ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವವಿರುವುದಿಲ್ಲ. ಮಣ್ಣು, ಎಲೆಯ ರಸ ಕ್ಲೋರಿನ್ ಅನ್ನು ಬೇಗ ತಿಂದುಬಿಡುತ್ತವೆ, ಆದ್ದರಿಂದ ನೀರು ಬಗ್ಗಡವಾದಾಗ ಬದಲಿಸಿ, ಪರೀಕ್ಷಾ ಪಟ್ಟಿ ಅದ್ದಿ ನೋಡುತ್ತಿರಿ. ಒಂದೆರಡು ನಿಮಿಷ ಅದ್ದಿ, ಆಮೇಲೆ ಕುಡಿಯುವ ನೀರಿನಲ್ಲಿ ಜಾಲಿಸಿ. ಸಾವಯವ ಪ್ರಮಾಣಪತ್ರ ಇದ್ದರೆ ಎಷ್ಟು ಬಳಸಬಹುದೆಂದು ಮೊದಲೇ ಪ್ರಮಾಣಪತ್ರ ಕೊಟ್ಟವರನ್ನು ಕೇಳಿ. ನೀರು ಸೋರಿದ ಮೇಲೆ ನೆರಳಲ್ಲಿ ತೆಳುವಾಗಿ ಹರಡಿ. ಒದ್ದೆ ಕಟ್ಟುಗಳನ್ನು ಗೋಣಿ ಹೊದಿಸಿ ರಾತ್ರಿಯಿಡೀ ರಾಶಿ ಹಾಕಿದರೆ ಒಳಗೆ ಬಿಸಿಯೇರಿ, ಹರಿದ ಎಲೆಯ ರಸ ಕುಡಿದು ಬ್ಯಾಕ್ಟೀರಿಯಾ ಬೆಳಗಾಗುವಷ್ಟರಲ್ಲಿ ಹಲವು ಪಟ್ಟಾಗುತ್ತವೆ.

ಎಲ್ಲ ಸೊಪ್ಪಿಗೂ ಒಂದೇ ಕಟ್ಟುನಿಟ್ಟು ಸಾಧ್ಯವಾಗದಿದ್ದರೆ ಮೊದಲು ಕೊತ್ತಂಬರಿ, ಪುದೀನ ನೋಡಿಕೊಳ್ಳಿ. ದಂಟು, ಪಾಲಕ್ ಮಸ್ಸೊಪ್ಪಾಗಿ, ಬಸ್ಸಾರಾಗಿ ಕುದಿಯುತ್ತವೆ. 70 ಡಿಗ್ರಿಯಲ್ಲಿ ಎರಡು ನಿಮಿಷ ಬೆಂದರೆ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಕೊತ್ತಂಬರಿಯನ್ನು ಒಲೆಯಿಂದ ಇಳಿಸಿದ ಸಾರಿಗೆ, ಕೋಸಂಬರಿಗೆ, ಮಜ್ಜಿಗೆಗೆ, ಮಸಾಲೆ ಪುರಿಗೆ ಹಸಿಯಾಗಿಯೇ ಉದುರಿಸುತ್ತೇವೆ, ಹಸಿಯಾಗಿಯೇ ಚಟ್ನಿ ರುಬ್ಬುತ್ತೇವೆ. ಉಪ್ಪು, ಅರಿಶಿನದ ನೀರಿನಲ್ಲಿ ನೆನೆಸಿದರೆ ರೋಗಾಣು ಸಾಯುತ್ತವೆ ಎಂದು ಗ್ರಾಹಕರು ನಂಬಿರುತ್ತಾರೆ. ಅದರಿಂದ ಮಣ್ಣು, ಹುಳು ಬಿಡಬಹುದು, ಅಷ್ಟೆ.

ಈಗ ಹೊಲದಲ್ಲಿ ನಿಂತಿರುವ ಬೆಳೆಯ ಮಾತು. ಈ ಬೆಳೆಗೆ ಬಿತ್ತುವ ಮುನ್ನ ತಿಪ್ಪೆ ಗೊಬ್ಬರ ಬಿದ್ದಿದ್ದರೆ, ಅಥವಾ ಬೆಳೆ ನಿಂತ ಮೇಲೆ ಕೋಳಿ ಗೊಬ್ಬರ, ಜೀವಾಮೃತ ಹೋಗಿದ್ದರೆ, ಕೊತ್ತಂಬರಿಯನ್ನು ಮಾರಬೇಡಿ, ಅಲ್ಲೇ ಉತ್ತು ಮಣ್ಣಿಗೆ ಸೇರಿಸಿ. ನಷ್ಟವಾಗುತ್ತದೆ, ಗೊತ್ತು. ದಂಟು, ಪಾಲಕ್ ಮಾರುವುದಾದರೆ ಖರೀದಿದಾರರಿಗೆ ವಿಷಯ ತಿಳಿಸಿ, ಬೇಯಿಸುವ ಬಳಕೆಗೆಂದೇ ಕೊಡಿ. ಸಲಾಡ್ ಮಾಡುವವರಿಗೆ ಹೋಗದಿರಲಿ. ಕೊನೆಯ ಹಸಿ ಗೊಬ್ಬರ ಬಿದ್ದ ದಿನವನ್ನು ಬರೆದುಕೊಂಡು 120 ದಿನ ಎಣಿಸಿ. ಅಷ್ಟರವರೆಗೆ ಆ ಮಡಿಗಳಲ್ಲಿ ಕಂಬ ಕೊಟ್ಟ ಹುರುಳಿಕಾಯಿ ಅಥವಾ ಮುಸುಕಿನ ಜೋಳ ಹಾಕಬಹುದು, ಹೇಗೂ ಬೇಯಿಸಿ ತಿನ್ನುವ ಬೆಳೆಗಳು. ಬಿಸಿ ರಾಶಿಯನ್ನು ಈ ವಾರವೇ ಒಟ್ಟಿದರೆ ಎರಡೂವರೆ ತಿಂಗಳಿಗೆ ಗೊಬ್ಬರ ಕೈಗೆ ಬರುತ್ತದೆ. ಅದನ್ನು ಹಾಕಿ ಬೆಳೆದ ಮೊದಲ ಕೊತ್ತಂಬರಿಯಲ್ಲಿ ಒಂದೇ ಕಟ್ಟನ್ನಲ್ಲ, ಬೇರೆ ಬೇರೆ ಮಡಿಗಳಿಂದ ಐದು ಕಟ್ಟು ತೆಗೆದು, ಐಸ್ ಡಬ್ಬದಲ್ಲಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ಕಳಿಸಿ.